ಕಾರ್ಪೆಟ್ ಶುಚಿಗೊಳಿಸಲು ಎಷ್ಟು ಕೇಳಬೇಕು? ಗಂಟೆ, ಕೋಣೆ, ಚದರ ಅಡಿ ದರಗಳ ಹೋಲಿಕೆ

"ಒಂದು ಕೋಣೆಗೆ ಎಷ್ಟು ತೆಗೆದುಕೊಳ್ಳುತ್ತೀರಿ?" ಫೋನ್ ಮಾಡುವ ಗ್ರಾಹಕರು ಹೆಚ್ಚಾಗಿ ಮೊದಲು ಕೇಳುವುದು ಇದನ್ನೇ. ಸ್ವಂತವಾಗಿ ಕಾರ್ಪೆಟ್ ಶುಚಿಗೊಳಿಸುವ ಕೆಲಸ ಹಿಡಿದವರು ಕೆಲಸ ಕೈತಪ್ಪೀತು ಎಂಬ ಆತಂಕದಲ್ಲಿ ಒಂದು ಮೊತ್ತ ಹೇಳಿಬಿಡುತ್ತಾರೆ. ಹಾಗೆ ಹೇಳಿದ ಕ್ಷಣವೇ ಅವರು ಗೊತ್ತಿಲ್ಲದೆ ಎರಡು ತೀರ್ಮಾನ ಮಾಡಿರುತ್ತಾರೆ. ಮೊದಲನೆಯದು, ದರ ಎಷ್ಟು ಎಂಬುದು. ಎರಡನೆಯದು, ಯಾವ ಅಳತೆಗೆ ಆ ದರ ಎಂಬುದು. ಎಲ್ಲರೂ ತಲೆಕೆಡಿಸಿಕೊಳ್ಳುವುದು ಮೊದಲನೆಯದರ ಬಗ್ಗೆ. ಆದರೆ ವರ್ಷದ ಕೊನೆಯಲ್ಲಿ ಕೈಯಲ್ಲಿ ಹಣ ಉಳಿಯುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳವಾಗಿದೆ. ಈ ಕೆಲಸದಲ್ಲಿ ಅನಿಶ್ಚಿತತೆ ಹೆಚ್ಚು. ಕೋಣೆ ನಾವು ಊಹಿಸಿದ್ದಕ್ಕಿಂತ ದೊಡ್ಡದಿರಬಹುದು, ಕೊಳೆ ಗ್ರಾಹಕರು ಹೇಳಿದ್ದಕ್ಕಿಂತ ಆಳವಾಗಿರಬಹುದು, ಭಾರಿ ಮಂಚಗಳನ್ನು ಸರಿಸಬೇಕಾಗಿ ಬರಬಹುದು. ಇದರ ಹೊರೆಯನ್ನು ನೀವು ಹೊರುತ್ತೀರೋ, ಗ್ರಾಹಕರು ಹೊರುತ್ತಾರೋ ಎಂಬುದನ್ನು ದರದ ಅಳತೆಯೇ ತೀರ್ಮಾನಿಸುತ್ತದೆ. ಗಂಟೆ ಲೆಕ್ಕದಲ್ಲಿ ಹೊರೆಯೆಲ್ಲ ಗ್ರಾಹಕರದು. ಕೋಣೆ ಲೆಕ್ಕದಲ್ಲಿ ಎಲ್ಲವೂ ನಿಮ್ಮದು. ಚದರ ಅಡಿ ಲೆಕ್ಕದಲ್ಲಿ ಅದು ಇಬ್ಬರ ನಡುವೆ ಹಂಚಿಹೋಗುತ್ತದೆ.

ಮೊದಲು ನಿಮ್ಮ ಒಂದು ಗಂಟೆಯ ಬೆಲೆ

ಯಾವ ವಿಧಾನವನ್ನು ಆರಿಸಿಕೊಂಡರೂ ಅದರ ತಳಪಾಯ ನಿಮ್ಮ ಒಂದು ಗಂಟೆಯ ವೆಚ್ಚ. ಪಕ್ಕದವರ ದರ ನೋಡಿ ಅದಕ್ಕಿಂತ ಸ್ವಲ್ಪ ಕಡಿಮೆ ಇಡುವುದು ಲೆಕ್ಕವಲ್ಲ. ಅವರ ಯಂತ್ರದ ಸಾಲ ತೀರಿರಬಹುದು, ಅವರು ವಿಮೆ ಮಾಡಿಸದೇ ಇರಬಹುದು, ಅಥವಾ ಅವರೇ ನಷ್ಟದಲ್ಲಿ ನಡೆಯುತ್ತಿರಬಹುದು. ಅವರ ದರದಲ್ಲಿ ಅಡಗಿರುವುದು ಅವರ ಖರ್ಚು, ನಿಮ್ಮದಲ್ಲ.

ವರ್ಷದ ಖರ್ಚನ್ನು ಬರೆದು ಕೂಡಿಸಿ: ಯಂತ್ರದ ಸವಕಳಿ, ವಾಹನ, ವಿಮೆ, ಫೋನ್, ಜಾಹೀರಾತು, ಲೆಕ್ಕಪತ್ರ, ತೆರಿಗೆ, ರಾಸಾಯನಿಕಗಳು, ಇಂಧನ, ಹೋಸ್ ಮತ್ತು ಬ್ರಷ್‌ಗಳ ಬದಲಾವಣೆ. ಸವಕಳಿಯನ್ನು ಯಂತ್ರ ಕೊಂಡ ಬೆಲೆಯ ಮೇಲೆ ಹಾಕದೆ, ಮುಂದೆ ಹೊಸದನ್ನು ಕೊಳ್ಳಲು ಬೇಕಾಗುವ ಬೆಲೆಯ ಮೇಲೆ ಹಾಕುವುದು ಕ್ಷೇಮ. ನಂತರ ನಿಮ್ಮ ಸಂಬಳವನ್ನು ಸೇರಿಸಿ. ಇದನ್ನು ಬಿಟ್ಟುಬಿಡುವವರು ಬಹಳ ಮಂದಿ. ಖರ್ಚು ಕಳೆದು ಉಳಿದದ್ದೇ ತಮ್ಮ ಸಂಬಳ ಎಂದುಕೊಂಡರೆ ಯಂತ್ರ ಕೆಟ್ಟ ತಿಂಗಳು ಮನೆಯ ಖರ್ಚಿಗೂ ಹಣವಿರುವುದಿಲ್ಲ.

ಈಗ ಭಾಗಿಸಬೇಕು, ಎಷ್ಟರಿಂದ? ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ ಎಂದು 2,080 ಗಂಟೆಗಳಿಂದ ಭಾಗಿಸಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಪ್ರಯಾಣ, ಫೋನ್ ಮಾತುಕತೆ, ಅಂದಾಜು ಕೊಡಲು ಹೋಗುವುದು, ಟ್ಯಾಂಕ್ ತೊಳೆಯುವುದು, ಬಿಲ್ ಬರೆಯುವುದು, ಇವುಗಳಿಗೆ ಯಾರೂ ನೇರವಾಗಿ ಹಣ ಕೊಡುವುದಿಲ್ಲ. ಗ್ರಾಹಕರ ಜಾಗದಲ್ಲಿ ಯಂತ್ರ ಇಳಿಸಿದಲ್ಲಿಂದ ಮತ್ತೆ ವಾಹನಕ್ಕೆ ಏರಿಸುವವರೆಗಿನ ಸಮಯವನ್ನು ಮಾತ್ರ ಎಣಿಸಿ. ಅದು ವಾರಕ್ಕೆ 22 ಗಂಟೆ ಎಂದಿಟ್ಟುಕೊಳ್ಳಿ. ರಜೆ, ಕಾಯಿಲೆ, ಕೆಲಸವಿಲ್ಲದ ದಿನಗಳನ್ನು ಕಳೆದು 46 ವಾರ. ಆಗ ವರ್ಷಕ್ಕೆ ಸುಮಾರು 1,000 ಗಂಟೆ. ಅಂದರೆ 2,080ರಿಂದ ಭಾಗಿಸಿದವರು ತಮಗೆ ಬೇಕಾದ ದರದ ಅರ್ಧಕ್ಕಿಂತಲೂ ಕಡಿಮೆ ಕೇಳುತ್ತಿರುತ್ತಾರೆ, ಮತ್ತು ಇಷ್ಟು ದುಡಿದರೂ ಏಕೆ ಸಾಲುತ್ತಿಲ್ಲ ಎಂದು ಕೊರಗುತ್ತಿರುತ್ತಾರೆ.

ಲಾಭ ಸೇರಿಸುವಾಗಲೂ ಎಚ್ಚರ ಬೇಕು. ವೆಚ್ಚ 60 ಇದ್ದಾಗ ಅದಕ್ಕೆ ಶೇ 40 ಸೇರಿಸಿದರೆ 84 ಆಗುತ್ತದೆ. ಆ 84ರಲ್ಲಿ ಲಾಭದ ಪಾಲು ಶೇ 29ರಷ್ಟೂ ಇಲ್ಲ. ದರದಲ್ಲಿ ಶೇ 40 ಉಳಿಯಬೇಕೆಂದರೆ 60ನ್ನು 0.6ರಿಂದ ಭಾಗಿಸಿ 100 ಕೇಳಬೇಕು.

ಗಂಟೆ ಲೆಕ್ಕ

ಈ ಗಂಟೆಯ ಬೆಲೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇರಲೇಬೇಕು. ಗ್ರಾಹಕರ ಮುಂದೆ ಇಡುವುದು ಮಾತ್ರ ಬೇಡ. ಗಂಟೆ ಲೆಕ್ಕ ಕೌಶಲಕ್ಕೆ ದಂಡ ಹಾಕುತ್ತದೆ. ಹೆಚ್ಚು ಸಾಮರ್ಥ್ಯದ ಯಂತ್ರ ತಂದು ಅದೇ ಕೆಲಸವನ್ನು ಅರ್ಧ ಸಮಯದಲ್ಲಿ ಮುಗಿಸಿದರೆ ಸಿಗುವುದು ಅರ್ಧ ಹಣ; ಬಂಡವಾಳ ಹಾಕಿದವರು ನೀವು, ಉಳಿತಾಯ ಇನ್ನೊಬ್ಬರದು. ಅದಕ್ಕಿಂತ ಕೆಟ್ಟ ಪರಿಣಾಮ ಕೆಲಸದ ಗುಣಮಟ್ಟದ ಮೇಲೆ ಆಗುತ್ತದೆ. ತೊಳೆಯುವ ಮೊದಲು ಸಿಂಪಡಿಸುವ ದ್ರಾವಣ ಕೊಳೆಯನ್ನು ಸಡಿಲಗೊಳಿಸಲು ಸಾಮಾನ್ಯವಾಗಿ 10ರಿಂದ 15 ನಿಮಿಷ ಬೇಕು. ಗ್ರಾಹಕರು ಗಡಿಯಾರ ನೋಡುತ್ತಾ ನಿಂತಿದ್ದರೆ ಆ ಹೊತ್ತು ಸುಮ್ಮನೆ ಕಾಯುವ ಧೈರ್ಯ ಬಹಳ ಜನರಿಗೆ ಇರುವುದಿಲ್ಲ. ದ್ರಾವಣಕ್ಕೆ ಸಮಯ ಕೊಡದೆ ತೊಳೆದರೆ ಕೊಳೆ ಅಲ್ಲೇ ಉಳಿಯುತ್ತದೆ.

ಗಂಟೆ ಲೆಕ್ಕ ಹೊಂದುವ ಕೆಲಸಗಳು ಕೆಲವೇ ಇವೆ. ಪೈಪ್ ಒಡೆದು ನೀರು ತುಂಬಿದ ಮನೆ, ಎಷ್ಟು ಆಳಕ್ಕೆ ಹಾಳಾಗಿದೆಯೆಂದು ತೆರೆದು ನೋಡದ ಹೊರತು ತಿಳಿಯದ ಜಾಗ, ಇಡೀ ಮನೆಯ ಸಾಮಾನುಗಳನ್ನು ಸರಿಸುವ ಕೆಲಸ. ಅಲ್ಲಿಯೂ "ಇಷ್ಟು ಗಂಟೆ ಮೀರುವ ಮೊದಲು ನಿಮಗೆ ತಿಳಿಸಿ, ಒಪ್ಪಿಗೆ ಪಡೆದು ಮುಂದುವರಿಯುತ್ತೇನೆ" ಎಂದು ಬರೆದುಕೊಟ್ಟರೆ ಗ್ರಾಹಕರಿಗೂ ನೆಮ್ಮದಿ.

ಕೋಣೆ ಲೆಕ್ಕ

ಇದರ ಬಲ ಸರಳತೆ. ಫೋನಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು, ಕರಪತ್ರದಲ್ಲಿ ಅಚ್ಚು ಹಾಕಬಹುದು, ಗ್ರಾಹಕರು ಮನಸ್ಸಿನಲ್ಲೇ ಗುಣಿಸಿಕೊಳ್ಳಬಹುದು. ಹೊಸಬರು ಇದಕ್ಕೆ ಒಲಿಯುವುದು ಸಹಜ.

ಆದರೆ ಕೋಣೆ ಎಂಬುದು ಅಳತೆಯೇ ಅಲ್ಲ. 10 ಅಡಿಗೆ 10 ಅಡಿಯ ಕೋಣೆ 100 ಚದರ ಅಡಿ. 18 ಅಡಿಗೆ 20 ಅಡಿಯ ಕೋಣೆ 360 ಚದರ ಅಡಿ. ಗಂಟೆಗೆ 250 ಚದರ ಅಡಿ ಮುಗಿಸುವವರಿಗೆ ಮೊದಲನೆಯದು 24 ನಿಮಿಷದ ಕೆಲಸ, ಎರಡನೆಯದು ಒಂದೂವರೆ ಗಂಟೆಗೆ ಹತ್ತಿರ. ದರ ಮಾತ್ರ ಒಂದೇ. "ದೊಡ್ಡದೂ ಬರುತ್ತದೆ, ಚಿಕ್ಕದೂ ಬರುತ್ತದೆ, ಸರಾಸರಿಯಲ್ಲಿ ಸರಿಹೋಗುತ್ತದೆ" ಎಂದು ಸಮಾಧಾನ ಹೇಳುವವರಿದ್ದಾರೆ. ಸರಿಹೋಗುವುದಿಲ್ಲ. ಗ್ರಾಹಕರು ನಾಲ್ಕು ಕಡೆ ವಿಚಾರಿಸುತ್ತಾರೆ. ದೊಡ್ಡ ಕೋಣೆಗಳ ಮನೆಯವರಿಗೆ ನಿಮ್ಮ ದರ ಅಗ್ಗವಾಗಿ ಕಾಣುತ್ತದೆ, ಅವರು ನಿಮ್ಮಲ್ಲಿಗೆ ಬರುತ್ತಾರೆ. ಚಿಕ್ಕ ಕೋಣೆಗಳ ಮನೆಯವರು ಅಳತೆ ಮಾಡಿ ದರ ಹೇಳುವವರ ಬಳಿ ಹೋಗುತ್ತಾರೆ. ಹೀಗೆ ನಿಮಗೆ ಸಿಗುವ ಕೆಲಸಗಳ ಸರಾಸರಿಯೇ ದಿನಗಳೆದಂತೆ ದೊಡ್ಡದಾಗುತ್ತಾ ಹೋಗುತ್ತದೆ.

ಕೋಣೆ ಲೆಕ್ಕವನ್ನೇ ಇಟ್ಟುಕೊಳ್ಳಬೇಕೆಂದಿದ್ದರೆ ಬೇಲಿ ಹಾಕಿ. ಒಂದು ಕೋಣೆ ಎಂದರೆ 200 ಚದರ ಅಡಿಯವರೆಗೆ, ಅದನ್ನು ಮೀರಿದರೆ ಎರಡು ಕೋಣೆ. ಹಜಾರ ಮತ್ತು ಊಟದ ಜಾಗ ಸೇರಿಕೊಂಡಿದ್ದರೆ ಎರಡು. ಮೆಟ್ಟಿಲುಗಳಿಗೆ ತಲಾ ಇಷ್ಟು, ಏಕೆಂದರೆ ಮೆಟ್ಟಿಲಿನ ವಿಸ್ತೀರ್ಣ ಕಡಿಮೆಯಾದರೂ ಅಂಚು, ಮೂಲೆಗಳಲ್ಲಿ ಕೈಯಿಂದಲೇ ಕೆಲಸ ಮಾಡಬೇಕು. ಸಾಮಾನು ತೆಗೆದಿಟ್ಟ ಕೋಣೆಗೆ ಮತ್ತು ತುಂಬಿದ ಕೋಣೆಗೆ ಬೇರೆ ಬೇರೆ ದರ. ಇಷ್ಟೆಲ್ಲ ಷರತ್ತು ಸೇರಿಸಿದ ಮೇಲೆ ಆರಂಭದ ಸರಳತೆ ಎಷ್ಟು ಉಳಿಯಿತು ಎಂದು ಕೇಳಿಕೊಳ್ಳಿ.

ಕೋಣೆ ದರದ ಹೆಸರಿನಲ್ಲಿ ನಡೆಯುವ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ನಂಬಲಾಗದಷ್ಟು ಕಡಿಮೆ ದರವನ್ನು ಜಾಹೀರಾತಿನಲ್ಲಿ ಹಾಕಿ, ಮನೆಗೆ ಬಂದ ಮೇಲೆ "ಅದು ಬರೀ ನೀರಿನಲ್ಲಿ ತೊಳೆಯಲು, ಕಲೆ ತೆಗೆಯಲು ಬೇರೆ, ವಾಸನೆಗೆ ಬೇರೆ" ಎಂದು ಮೊತ್ತವನ್ನು ಮೂರು ನಾಲ್ಕು ಪಟ್ಟು ಏರಿಸುವುದು. ಒಮ್ಮೆ ಹೀಗೆ ಮೋಸಹೋದ ಗ್ರಾಹಕರು ಮುಂದೆ ಯಾರನ್ನೂ ನಂಬುವುದಿಲ್ಲ, ಪ್ರಾಮಾಣಿಕವಾಗಿ ದರ ಹೇಳುವವರನ್ನೂ ಅನುಮಾನದಿಂದಲೇ ನೋಡುತ್ತಾರೆ. ಇಡೀ ಕಸುಬಿಗೆ ಇದು ಮಾಡುವ ಹಾನಿ ದೊಡ್ಡದು. ಹೆಚ್ಚುವರಿ ಕೆಲಸಗಳಿಗೆ ದರ ಇರುವುದು ತಪ್ಪಲ್ಲ. ಅದನ್ನು ಬಾಗಿಲು ದಾಟುವ ಮೊದಲೇ ಹೇಳದಿರುವುದು ತಪ್ಪು.

ಚದರ ಅಡಿ ಲೆಕ್ಕ

ಮನೆಗಳ ಕೆಲಸಕ್ಕೆ ನಾನು ಮುಂದಿಡುವುದು ಇದನ್ನೇ. ಅಳತೆ ಕಣ್ಣೆದುರಿಗೆ ನಡೆಯುತ್ತದೆ, ಗ್ರಾಹಕರು ತಾವೂ ಟೇಪ್ ಹಿಡಿದು ಪರೀಕ್ಷಿಸಬಹುದು, ಪಕ್ಕದ ಮನೆಯವರಿಗೆ ಬೇರೆ ಮೊತ್ತ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಲೇಸರ್ ಅಳತೆಯ ಸಾಧನವಿದ್ದರೆ ಇಡೀ ಮನೆ ಅಳೆಯಲು ಕೆಲವೇ ನಿಮಿಷ ಸಾಕು. ಚದರ ಮೀಟರಿನಲ್ಲಿ ದರ ಹೇಳುವುದಾದರೆ ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ ಎಂಬುದು ನೆನಪಿರಲಿ. 10 ಎಂದು ದುಂಡಾಗಿಸಿದರೆ ಪ್ರತಿ ಬಿಲ್ಲಿನಲ್ಲೂ ಶೇ 7ರಷ್ಟು ಬಿಟ್ಟುಕೊಟ್ಟಂತೆ.

ದರ ಬರುವುದು ನಿಮ್ಮ ಸ್ವಂತ ವೇಗದಿಂದ. ಕೆಲವು ವಾರ ಪ್ರತಿ ಕೆಲಸದಲ್ಲೂ ಸಮಯ ಬರೆದಿಡಿ: ಹೋಸ್ ಹಾಸುವುದು, ವ್ಯಾಕ್ಯೂಮ್, ದ್ರಾವಣ ಸಿಂಪಡಿಸುವುದು, ಬ್ರಷ್ ಮಾಡುವುದು, ಬಿಸಿನೀರು ಹಾಯಿಸಿ ಹೀರುವುದು, ಎಳೆಗಳನ್ನು ನೇರ ಮಾಡುವುದು, ಮತ್ತೆ ಸುತ್ತಿಡುವುದು, ಎಲ್ಲವೂ ಸೇರಿ. ಒಟ್ಟು ಚದರ ಅಡಿಯನ್ನು ಒಟ್ಟು ಗಂಟೆಯಿಂದ ಭಾಗಿಸಿ. ಗಂಟೆಗೆ 250 ಬಂದರೆ, ನಿಮ್ಮ ಗಂಟೆಯ ಬೆಲೆಯನ್ನು 250ರಿಂದ ಭಾಗಿಸಿದ್ದೇ ಚದರ ಅಡಿಯ ದರ. ವಿಧಾನ ಬದಲಾದರೆ ವೇಗವೂ ಬದಲಾಗುತ್ತದೆ. ಬಿಸಿನೀರು ಹಾಯಿಸಿ ಹೀರುವ ವಿಧಾನ ಆಳವಾಗಿ ಶುಚಿ ಮಾಡುತ್ತದೆ, ಆದರೆ ನಿಧಾನ, ಒಣಗಲು ಸಾಮಾನ್ಯವಾಗಿ ಹಲವು ಗಂಟೆ ಬೇಕು. ಕಡಿಮೆ ತೇವದಲ್ಲಿ ಉಜ್ಜಿ, ಒಣಗಿದ ಮೇಲೆ ಕೊಳೆಯನ್ನು ವ್ಯಾಕ್ಯೂಮ್‌ನಿಂದ ಎತ್ತುವ ವಿಧಾನ ವೇಗವಾದದ್ದು, ಬೇಗ ಒಣಗುತ್ತದೆ, ಆದರೆ ಆಳದ ಕೊಳೆಗೆ ಸಾಲದು. ಎರಡಕ್ಕೂ ಒಂದೇ ದರ ಇಡುವುದರಲ್ಲಿ ಅರ್ಥವಿಲ್ಲ.

ಈ ಲೆಕ್ಕದ ದೌರ್ಬಲ್ಯವೆಂದರೆ ಅದು ಕೊಳೆಯನ್ನು ನೋಡುವುದಿಲ್ಲ. ವರ್ಷಕ್ಕೊಮ್ಮೆ ತೊಳೆಸುವ ಮಲಗುವ ಕೋಣೆಗೂ, ಐದಾರು ವರ್ಷ ನೀರು ಕಾಣದ ಹಜಾರಕ್ಕೂ ಅಳತೆ ಒಂದೇ ಇರಬಹುದು. ಹಾಗಾಗಿ ಮೂರು ಹಂತ ಮಾಡಿಕೊಳ್ಳಿ: ಹಗುರ, ಸಾಧಾರಣ, ಭಾರಿ. ಹಂತವನ್ನು ನಿಮ್ಮ ಅನಿಸಿಕೆಗೆ ಬಿಡದೆ, ಕೇಳಿದರೆ ತೋರಿಸಬಹುದಾದ ಗುರುತುಗಳಿಗೆ ಕಟ್ಟಿ: ಕೊನೆಯ ಬಾರಿ ಯಾವಾಗ ತೊಳೆಸಿದ್ದು, ಸಾಕುಪ್ರಾಣಿ ಇದೆಯೇ, ಜನ ಓಡಾಡುವ ದಾರಿ ಕಪ್ಪಾಗಿದೆಯೇ. ಅಲುಗಿಸಲಾಗದ ಕಪಾಟಿನ ಕೆಳಗಿನ ಜಾಗವನ್ನು ಎಣಿಸುತ್ತೀರೋ ಇಲ್ಲವೋ ಎಂಬುದನ್ನೂ ಮೊದಲೇ ಹೇಳಿ. ಎಣಿಸಬಾರದು ಎಂಬುದು ನನ್ನ ನಿಲುವು. ಮಾಡದ ಕೆಲಸಕ್ಕೆ ಹಣ ಕೇಳಿದಂತೆ ಕಾಣುವ ಸಾಲು ಬಿಲ್ಲಿನಲ್ಲಿ ಇರುವುದು ಒಳ್ಳೆಯದಲ್ಲ.

ಕನಿಷ್ಠ ಶುಲ್ಕ

ಚದರ ಅಡಿ ಲೆಕ್ಕಕ್ಕೆ ಕನಿಷ್ಠ ಶುಲ್ಕ ಜೊತೆಯಾಗಿ ಇರಲೇಬೇಕು. ನಿಮ್ಮ ಸಾಮಾನ್ಯ ಕೆಲಸ ಮೂರು ಗಂಟೆಯದಾದರೆ ಒಂದು ಪ್ರಯಾಣದ ಹೊರೆ ಆ ಮೂರು ಗಂಟೆಗಳ ಮೇಲೆ ಹರಡಿಕೊಳ್ಳುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಹೋದರೆ ಅದೇ ಪ್ರಯಾಣ, ಅದೇ ಯಂತ್ರ ಇಳಿಸುವಿಕೆ, ಅದೇ ಟ್ಯಾಂಕ್ ತೊಳೆಯುವಿಕೆ ಅರ್ಧ ಗಂಟೆಯ ಮೇಲೆಯೇ ಬೀಳುತ್ತದೆ. ಒಂದೂವರೆಯಿಂದ ಎರಡು ಗಂಟೆಯ ಬೆಲೆಯನ್ನು ಕನಿಷ್ಠವೆಂದು ಇಡುವುದು ಸಮಂಜಸ. ಫೋನಿನ ಮೊದಲ ಮಾತಿನಲ್ಲೇ ಇದನ್ನು ಹೇಳಿ, "ಅಷ್ಟೇ ಮೊತ್ತದಲ್ಲಿ ಇನ್ನೊಂದು ಕೋಣೆಯನ್ನೂ ಸೇರಿಸಬಹುದು" ಎಂದು ತಿಳಿಸಿದರೆ ಹಲವರು ಒಪ್ಪುತ್ತಾರೆ.

ಪ್ರತ್ಯೇಕ ದರ ಬೇಡುವ ಕೆಲಸಗಳು

ಬಿಡಿ ಕಾರ್ಪೆಟ್‌ಗಳನ್ನು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್‌ನ ದರದಲ್ಲಿ ತೊಳೆಯಲು ಒಪ್ಪಿಕೊಳ್ಳಬೇಡಿ. ಅಲ್ಲಿ ನೀವು ಹೊರುವ ಅಪಾಯವೇ ಬೇರೆ. ನೈಲಾನ್, ಪಾಲಿಯೆಸ್ಟರ್ ಎಳೆಗಳು ತಡೆಯುವ ಕ್ಷಾರೀಯ ದ್ರಾವಣವನ್ನು ಉಣ್ಣೆ ತಡೆಯುವುದಿಲ್ಲ. ಕ್ಲೋರಿನ್ ಬ್ಲೀಚ್ ಉಣ್ಣೆಯನ್ನೇ ಕರಗಿಸಬಲ್ಲದು. ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ಒದ್ದೆಯಾದಾಗ ಬಹಳ ದುರ್ಬಲವಾಗುತ್ತದೆ. ಸೆಣಬಿನ ಹಿಂಬದಿ ಇರುವ ಕಾರ್ಪೆಟ್ ಹೆಚ್ಚು ನೆನೆದು ನಿಧಾನವಾಗಿ ಒಣಗಿದರೆ ಮೇಲ್ಮೈಗೆ ಕಂದು ಬಣ್ಣ ಏರುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೂಲೆಯೊಂದರಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು, ಕುಚ್ಚುಗಳನ್ನು ಕೈಯಿಂದ ಶುಚಿ ಮಾಡಬೇಕು, ಎರಡೂ ಬದಿ ದೂಳು ಕೊಡವಬೇಕು. ಈ ಸಮಯಕ್ಕೂ, ಬೆಲೆಬಾಳುವ ವಸ್ತುವನ್ನು ಕೈಗೆತ್ತಿಕೊಳ್ಳುವ ಹೊಣೆಗೂ ದರ ಇರಬೇಕು. ಎಳೆ ಯಾವುದೆಂದು ಗುರುತಿಸಲಾಗದಿದ್ದರೆ ಕೆಲಸವನ್ನೇ ಬಿಡುವುದು ಲೇಸು.

ಸಾಕುಪ್ರಾಣಿಯ ಮೂತ್ರವೂ ಹಾಗೆಯೇ. ಮೇಲೆ ಅಂಗೈಯಷ್ಟು ಕಾಣುವ ಕಲೆ ಕೆಳಗಿನ ಮೆತ್ತೆಯಲ್ಲಿ ಅದಕ್ಕಿಂತ ಬಹಳ ಅಗಲವಾಗಿ ಹರಡಿರುತ್ತದೆ. ಮೇಲ್ಮೈಯನ್ನು ಮಾತ್ರ ತೊಳೆದರೆ ತೇವ ತಗುಲಿ ಹಳೆಯ ವಾಸನೆ ಇನ್ನಷ್ಟು ಏಳುತ್ತದೆ, ಗ್ರಾಹಕರು ಮರುದಿನವೇ ದೂರುತ್ತಾರೆ. ಇದಕ್ಕೆ ಕಲೆಯ ಸಂಖ್ಯೆಯ ಮೇಲೆ ಅಥವಾ ಜಾಗದ ಮೇಲೆ ಪ್ರತ್ಯೇಕ ದರ ಇಡಿ, ಮೆತ್ತೆಯನ್ನೇ ಬದಲಿಸಬೇಕಾಗಬಹುದು ಎಂದು ಮೊದಲೇ ಹೇಳಿ.

ಕಲೆಗಳ ವಿಷಯದಲ್ಲಿ ಹಣ ಕೇಳುವುದು ಪ್ರಯತ್ನಕ್ಕೆ, ಫಲಿತಾಂಶಕ್ಕಲ್ಲ ಎಂಬುದು ಬರಹದಲ್ಲಿರಬೇಕು. ಬ್ಲೀಚ್ ಬಿದ್ದು ಬಿಳಿಚಿದ ಜಾಗದಲ್ಲಿ ತೆಗೆಯಲು ಕಲೆಯೇ ಇಲ್ಲ. ಅಲ್ಲಿ ಬಣ್ಣವೇ ಹೋಗಿದೆ. ಓಡಾಡುವ ದಾರಿಯಲ್ಲಿ ತೊಳೆದ ಮೇಲೂ ಮಂಕು ಕಾಣುತ್ತಿದ್ದರೆ ಎಳೆಗಳೇ ಸವೆದು ಬೆಳಕನ್ನು ಬೇರೆ ರೀತಿ ಚದುರಿಸುತ್ತಿರಬಹುದು. ಇದನ್ನು ಕೆಲಸಕ್ಕೆ ಮುಂಚೆ ಬೆರಳಿಟ್ಟು ತೋರಿಸಿದರೆ ಅದು ಮಾಹಿತಿ. ಕೆಲಸ ಮುಗಿದ ಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ. ಇನ್ನು ಕೆಲವು ಕಲೆಗಳು ಒಣಗುವಾಗ ಆಳದಿಂದ ಮತ್ತೆ ಮೇಲೇರುತ್ತವೆ. ಅದಕ್ಕಾಗಿ ಮತ್ತೊಮ್ಮೆ ಹೋಗಿಬರುವ ಖರ್ಚನ್ನು ವರ್ಷದ ವೆಚ್ಚದಲ್ಲೇ ಸೇರಿಸಿಟ್ಟರೆ ಕರೆದಾಗ ಗೊಣಗದೆ ಹೋಗಬಹುದು.

ಒಂದೇ ದರವೋ, ಮೂರು ಪ್ಯಾಕೇಜೋ?

ಮೂರು ಆಯ್ಕೆ ಮುಂದಿಟ್ಟರೆ ಗ್ರಾಹಕರ ಮಾತು "ಕೆಲಸ ಕೊಡಬೇಕೋ ಬೇಡವೋ" ಎಂಬುದರಿಂದ "ಯಾವುದನ್ನು ಆರಿಸಲಿ" ಎಂಬುದರತ್ತ ಹೊರಳುತ್ತದೆ. ಇದು ಒಳ್ಳೆಯ ದಾರಿಯೇ, ಒಂದು ಷರತ್ತಿನ ಮೇಲೆ: ಕೆಳಗಿನ ಪ್ಯಾಕೇಜ್ ಕೂಡ ಪೂರ್ಣ ಕೆಲಸವಾಗಿರಬೇಕು. ವ್ಯಾಕ್ಯೂಮ್, ಮುಂಚಿನ ದ್ರಾವಣ, ತೊಳೆದು ಹೀರುವುದು ಮೂರೂ ಅದರಲ್ಲಿರಲಿ. ಮಧ್ಯದ್ದರಲ್ಲಿ ಸಾಮಾನು ಸರಿಸುವುದು ಮತ್ತು ಕಲೆಗಳ ವಿಶೇಷ ಚಿಕಿತ್ಸೆ, ಮೇಲಿನದ್ದರಲ್ಲಿ ಕಲೆ ಹಿಡಿಯದಂತೆ ತಡೆಯುವ ಲೇಪನ. ವ್ಯಾಕ್ಯೂಮ್ ಮಾಡುವುದನ್ನೇ ಹೆಚ್ಚುವರಿ ಎಂದು ಮಾರುವುದು ಅನ್ಯಾಯ. ಕಾರ್ಪೆಟ್‌ನ ಕೊಳೆಯಲ್ಲಿ ಬಹುಪಾಲು ಒಣ ದೂಳೇ, ಅದನ್ನು ಎತ್ತದೆ ನೀರು ಹಾಕಿದರೆ ಕೆಸರಾಗುತ್ತದೆ.

ಕಚೇರಿಗಳ ಗುತ್ತಿಗೆ

ನಿಗದಿತ ಗುತ್ತಿಗೆಯಲ್ಲಿ ಚದರ ಅಡಿಯ ದರ ಮನೆಗಳಿಗಿಂತ ಕಡಿಮೆ ಇರುವುದು ಸರಿ. ಜಾಗ ವಿಶಾಲ, ಅಡೆತಡೆ ಕಡಿಮೆ, ಗ್ರಾಹಕರನ್ನು ಹುಡುಕುವ ಖರ್ಚಿಲ್ಲ, ಕೊಳೆ ಆಳಕ್ಕಿಳಿಯುವ ಮೊದಲೇ ಮತ್ತೆ ಹೋಗುತ್ತೀರಿ. ಆದರೆ ರಾತ್ರಿ ಕೆಲಸ ಇರುತ್ತದೆ, ಹಣ 30 ಅಥವಾ 60 ದಿನ ತಡವಾಗಿ ಬರುತ್ತದೆ. ಆ ಅವಧಿಯ ಇಂಧನ, ರಾಸಾಯನಿಕಗಳ ಖರ್ಚನ್ನು ನೀವೇ ಹೊರಬೇಕು. ವರ್ಷಕ್ಕೊಮ್ಮೆ ದರ ಪರಿಷ್ಕರಿಸುವ ಷರತ್ತನ್ನು ಕರಾರಿನಲ್ಲಿ ಬರೆಸಿ. ಒಂದೇ ಕಚೇರಿ ನಿಮ್ಮ ಆದಾಯದ ಕಾಲುಭಾಗಕ್ಕಿಂತ ಹೆಚ್ಚಾಗುತ್ತಿದ್ದರೆ ಬೇರೆ ಕೆಲಸ ಹುಡುಕುವ ಹೊತ್ತು ಬಂದಿದೆ ಎಂದು ತಿಳಿಯಿರಿ.

ರಿಯಾಯಿತಿಯೋ, ದರ ಏರಿಕೆಯೋ?

ಕೆಲಸ ಕಡಿಮೆಯಾದ ತಿಂಗಳಲ್ಲಿ ಮೊದಲು ನೆನಪಾಗುವುದು ರಿಯಾಯಿತಿ. ಲೆಕ್ಕ ನೋಡೋಣ. ನಿಮ್ಮ ಕೂಲಿಯೂ ಸೇರಿ ವೆಚ್ಚ 60, ದರ 100, ಉಳಿಯುವುದು 40. ಶೇ 10 ರಿಯಾಯಿತಿ ಕೊಟ್ಟರೆ ಉಳಿಯುವುದು 30. ಮೊದಲಿನಷ್ಟೇ ಒಟ್ಟು ಉಳಿಕೆ ಬೇಕಾದರೆ ಮೂರು ಕೆಲಸವಿದ್ದಲ್ಲಿ ನಾಲ್ಕು ಮಾಡಬೇಕು. ಶೇ 20 ಕೊಟ್ಟರೆ ಕೆಲಸ ದುಪ್ಪಟ್ಟಾಗಬೇಕು. ಒಬ್ಬರೇ ದುಡಿಯುವವರಿಗೆ ಅಷ್ಟು ಗಂಟೆಗಳು ಎಲ್ಲಿಂದ ಬರಬೇಕು? ಇದೇ ದರವನ್ನು ಶೇ 10 ಏರಿಸಿದರೆ ಉಳಿಯುವುದು 50. ಐದು ಕೆಲಸಗಳಲ್ಲಿ ಒಂದು ಕೈಬಿಟ್ಟುಹೋದರೂ ಉಳಿಕೆ ಅಷ್ಟೇ ಇರುತ್ತದೆ, ಬೆನ್ನಿಗೂ ಯಂತ್ರಕ್ಕೂ ಬಿಡುವು ಸಿಗುತ್ತದೆ.

ನಿಮ್ಮ ವೆಚ್ಚವನ್ನು ನಿಜವಾಗಿ ತಗ್ಗಿಸುವ ರಿಯಾಯಿತಿಗಳು ಮಾತ್ರ ಕೊಡತಕ್ಕವು. ಒಂದೇ ದಿನ ಅಕ್ಕಪಕ್ಕದ ಎರಡು ಮನೆ ಸಿಕ್ಕರೆ ಒಂದು ಪ್ರಯಾಣ ಉಳಿಯುತ್ತದೆ, ಅದರ ಪಾಲನ್ನು ಇಬ್ಬರಿಗೂ ಕೊಡಬಹುದು. ವರ್ಷಕ್ಕೊಮ್ಮೆ ತಪ್ಪದೆ ಕರೆಯುವವರ ಕಾರ್ಪೆಟ್ ಬೇಗ ಶುಚಿಯಾಗುತ್ತದೆ, ಅವರಿಗೂ ಕೊಡಬಹುದು. ಚೌಕಾಸಿಗೆ ಮಣಿದು ಅದೇ ಕೆಲಸಕ್ಕೆ ಮೊತ್ತ ಇಳಿಸಬೇಡಿ. ಇಳಿಸಲೇಬೇಕಾದರೆ ಕೆಲಸದ ಒಂದು ಭಾಗವನ್ನೂ ಕಡಿಮೆ ಮಾಡಿ. "ಮಲಗುವ ಕೋಣೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ" ಎಂದರೆ ಮೊತ್ತವೂ ಇಳಿಯುತ್ತದೆ, ದರದ ಮೇಲಿನ ನಂಬಿಕೆಯೂ ಉಳಿಯುತ್ತದೆ.

ಯಾರಿಗೆ ಯಾವುದು?

ಮನೆಗಳ ಕೆಲಸ ಮಾಡುವವರಿಗೆ ಚದರ ಅಡಿ ದರ, ಕನಿಷ್ಠ ಶುಲ್ಕ, ಮೂರು ಕೊಳೆ ಹಂತ, ಮೂತ್ರ ಮತ್ತು ಬಿಡಿ ಕಾರ್ಪೆಟ್‌ಗಳಿಗೆ ಬೇರೆ ಪಟ್ಟಿ. ಒಂದೇ ನಕ್ಷೆಯ ಫ್ಲ್ಯಾಟ್‌ಗಳೇ ಹೆಚ್ಚಿರುವ ಕಡೆ ದುಡಿಯುವವರಿಗೆ ಕೋಣೆ ದರವೂ ಸರಿಹೋಗುತ್ತದೆ, ಅಲ್ಲಿ ಕೋಣೆಗಳ ಅಳತೆ ಮೊದಲೇ ಗೊತ್ತಿರುತ್ತದೆ. ನೀರು ನುಗ್ಗಿದ ಜಾಗಗಳಿಗೆ ಮಿತಿಯಿಟ್ಟ ಗಂಟೆ ದರ. ಕಚೇರಿಗಳಿಗೆ ತಿಂಗಳ ಗುತ್ತಿಗೆ.

ಫೋನಿನಲ್ಲಿ ಹೇಳುವುದು ಯಾವಾಗಲೂ ಅಂದಾಜು; ಗ್ರಾಹಕರು ಕಳಿಸಿದ ಫೋಟೋ ಮತ್ತು ಅಳತೆಯ ಮೇಲೆ ಕನಿಷ್ಠದಿಂದ ಗರಿಷ್ಠದವರೆಗೆ ಒಂದು ವ್ಯಾಪ್ತಿ ಕೊಡಿ. ಅಂತಿಮ ಮೊತ್ತವನ್ನು ಜಾಗ ನೋಡಿದ ಮೇಲೆ, ಯಂತ್ರ ಇಳಿಸುವ ಮೊದಲು, ಬರೆದುಕೊಡಿ. ಅದರಲ್ಲಿ ಅಳತೆ, ವಿಧಾನ, ಏನೇನು ಸೇರಿಲ್ಲ, ಒಣಗುವ ಸಮಯ, ದರ ಎಷ್ಟು ದಿನ ಅನ್ವಯಿಸುತ್ತದೆ ಎಂಬುದು ಇರಲಿ.

ಕೊಟ್ಟ ಅಂದಾಜುಗಳಲ್ಲಿ ಎಷ್ಟು ಒಪ್ಪಿಗೆಯಾದವು ಎಂದು ಪ್ರತಿ ತಿಂಗಳು ಬರೆದಿಡಿ. ಎಲ್ಲರೂ ಮರುಮಾತಿಲ್ಲದೆ ಒಪ್ಪುತ್ತಿದ್ದರೆ ದರ ಕಡಿಮೆಯಿದೆ. ಹೊಸ ಗ್ರಾಹಕರಿಗೆ ಮೊದಲು ಏರಿಸಿ, ಕೆಲವು ವಾರ ನೋಡಿ. ಹಳೆಯ ಗ್ರಾಹಕರಿಗೆ ಒಂದು ತಿಂಗಳು ಮುಂಚಿತವಾಗಿ ಹೊಸ ದರ ಮತ್ತು ಅದು ಜಾರಿಗೆ ಬರುವ ದಿನಾಂಕವನ್ನು ತಿಳಿಸಿ, ಆ ದಿನಾಂಕದೊಳಗೆ ಕರೆದರೆ ಹಳೆಯ ದರವೇ ಎಂದು ಬರೆಯಿರಿ.